ಚಿಕ್ಕ ಅಕ್ಷರ, ದೊಡ್ಡ ಮಾತು

ಬ್ಯಾಂಕು, ಫೋನು, ಅಂಗಡಿ, ಕೂಲಿ ಕೆಲಸದಲ್ಲಿ ಕಾಣುವ ಗಿಡ್ಡ ಹೆಸರುಗಳು

ಯಾರಿಗೆ ಈ ಪಾಠ: ಕನ್ನಡ ಅಕ್ಷರ, ಒತ್ತಕ್ಷರ ಮತ್ತು ನೂರರ ಮೇಲಿನ ಅಂಕಿ ಕಲಿತು ಮುಗಿಸಿದ ರಾಯದುರ್ಗ, ಮಡಕಶಿರ ಕಡೆಯ ಕಲಿಕಾರ್ಥಿಗಳಿಗೆ.

ಈ ಪಾಠ ಓದಿದ ಮೇಲೆ ನಿಮಗೆ ಬರಬೇಕಾದದ್ದು:
• ಗಿಡ್ಡ ಹೆಸರು ಕಂಡರೆ ಅದರ ಪೂರ್ತಿ ಹೆಸರು ಕೇಳುವುದು.
• ಫೋನಿಗೆ ಬಂದ ಬ್ಯಾಂಕ್ ಮೆಸೇಜಿನಲ್ಲಿ ದುಡ್ಡು ಬಂತೋ ಹೋಯಿತೋ ಗುರುತಿಸುವುದು.
• ಯಾವ ನಂಬರು ಇನ್ನೊಬ್ಬರಿಗೆ ಹೇಳಬಹುದು, ಯಾವುದು ಹೇಳಬಾರದು ಎಂದು ತಿಳಿಯುವುದು.

1. ಗಿಡ್ಡ ಹೆಸರು ನಮಗೆ ಹೊಸದಲ್ಲ



ಎನ್‌ಟಿಆರ್ ಅಂದ್ರೆ ಯಾರು ಅಂತ ನಮ್ಮ ಕಡೆ ಯಾವ ಹಳ್ಳಿಯಲ್ಲಿ ಬೇಕಾದರೂ ಕೇಳಿ. ಚಿಕ್ಕ ಮಗುವೂ ಹೇಳುತ್ತೆ. ಸಿನಿಮಾದಲ್ಲಿ ಕೃಷ್ಣನ ವೇಷ ಹಾಕಿದವರು, ಹಿಂದೂಪುರದಿಂದ ಗೆದ್ದವರು, ಮುಖ್ಯಮಂತ್ರಿ ಆಗಿದ್ದವರು. ಅವರ ಪೂರ್ತಿ ಹೆಸರು ನಂದಮೂರಿ ತಾರಕ ರಾಮಾರಾವು. ಅಷ್ಟುದ್ದ ಹೆಸರನ್ನು ಮೂರೇ ಅಕ್ಷರದಲ್ಲಿ ಹೇಳಿಬಿಡುತ್ತೇವೆ. ಕನ್ನಡದ ದೊಡ್ಡ ಕವಿ ಡಿವಿಜಿ ಅಂದ್ರೂ ಹಾಗೆಯೇ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬುದು ಅವರ ಪೂರ್ತಿ ಹೆಸರು.

ಉದ್ದ ಹೆಸರಿನ ಒಂದೊಂದು ಮಾತಿನಿಂದ ಮೊದಲನೇ ಅಕ್ಷರ ಎತ್ತಿಕೊಂಡು ಸಾಲಾಗಿ ಇಟ್ಟರೆ ಗಿಡ್ಡ ಹೆಸರು ಆಗುತ್ತೆ. ಪುಸ್ತಕದ ಭಾಷೆಯಲ್ಲಿ ಇದನ್ನು ಸಂಕ್ಷಿಪ್ತ ರೂಪ ಎನ್ನುತ್ತಾರೆ. ನಾವು ಈ ಪಾಠದಲ್ಲಿ ಗಿಡ್ಡ ಹೆಸರು ಎಂದೇ ಕರೆಯೋಣ.

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ದಿನವೂ ಬರುವ ಇನ್ನೊಂದು ಮಾತು ಡ್ವಾಕ್ರಾ. "ಇವತ್ತು ಡ್ವಾಕ್ರಾ ಮೀಟಿಂಗ್ ಐತೆ", "ಡ್ವಾಕ್ರಾ ಸಾಲ ಕಟ್ಟಬೇಕು" ಅನ್ನುತ್ತೇವೆ. ಇದು ತೆಲುಗೂ ಅಲ್ಲ, ಕನ್ನಡವೂ ಅಲ್ಲ. 1982ರಲ್ಲಿ ಕೇಂದ್ರ ಸರ್ಕಾರ ತಂದ ಒಂದು ಯೋಜನೆಯ ಇಂಗ್ಲಿಷ್ ಹೆಸರಿನ ಗಿಡ್ಡ ರೂಪ. ಡೆವಲಪ್‌ಮೆಂಟ್ ಆಫ್ ವಿಮೆನ್ ಅಂಡ್ ಚಿಲ್ಡ್ರನ್ ಇನ್ ರೂರಲ್ ಏರಿಯಾಸ್, ಅಂದ್ರೆ ಹಳ್ಳಿಗಾಡಿನ ಹೆಂಗಸರು ಮಕ್ಕಳ ಅಭಿವೃದ್ಧಿ. ಆ ಯೋಜನೆ 1999ರಲ್ಲೇ ಬೇರೆ ಯೋಜನೆಯೊಳಗೆ ಸೇರಿಹೋಯಿತು. ಯೋಜನೆ ಹೋದರೂ ಹೆಸರು ಉಳಿಯಿತು. ಈಗಲೂ ಸ್ವಸಹಾಯ ಸಂಘಕ್ಕೆ ನಾವು ಡ್ವಾಕ್ರಾ ಎಂದೇ ಹೇಳುತ್ತೇವೆ.

ಇಲ್ಲಿ ಒಂದು ವಿಷಯ ಗಮನಿಸಿ. ಕೆಲವು ಗಿಡ್ಡ ಹೆಸರನ್ನು ಅಕ್ಷರ ಅಕ್ಷರವಾಗಿ ಓದುತ್ತೇವೆ: ಎ-ಟಿ-ಎಂ. ಕೆಲವನ್ನು ಒಂದೇ ಮಾತಿನ ಹಾಗೆ ಓದುತ್ತೇವೆ: ಡ್ವಾಕ್ರಾ, ಪಿನ್, ಸಿಮ್.

ಯಾವ ಗಿಡ್ಡ ಹೆಸರು ಎದುರಾದರೂ ಮೂರು ಪ್ರಶ್ನೆ ಕೇಳಿಕೊಳ್ಳಿ.
• ಇದರ ಪೂರ್ತಿ ಹೆಸರೇನು?
• ಇದರಿಂದ ನನ್ನ ದುಡ್ಡು ಬರುತ್ತಾ, ಹೋಗುತ್ತಾ?
• ಇದನ್ನು ಇನ್ನೊಬ್ಬರಿಗೆ ಹೇಳಬಹುದಾ?

ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. ಅಕ್ಷರದ ಆಕಾರವನ್ನು ನಿಮ್ಮ ಕೇಂದ್ರದ ಸ್ವಯಂಸೇವಕರು ಹಲಗೆ ಮೇಲೆ ಬರೆದು ತೋರಿಸುತ್ತಾರೆ. ಅರ್ಥ ನಾವು ಕನ್ನಡದಲ್ಲೇ ಕಲಿಯೋಣ.

2. ಅಕ್ಷರ ಒಂದೇ, ಅರ್ಥ ಎರಡು

ನಾವು ಗಡಿಯ ಜನ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು ತಾಲೂಕುಗಳ ಜೊತೆ ಈ ಕಡೆಗೆ ಬಂತು. ಮಡಕಶಿರ ಮೂರು ದಿಕ್ಕಿಗೂ ಕರ್ನಾಟಕಕ್ಕೆ ಅಂಟಿಕೊಂಡಿದೆ. ಹಳೇ ಅನಂತಪುರ ಜಿಲ್ಲೆಯನ್ನು ಭಾಗ ಮಾಡಿದಾಗ, 2022ರ ಏಪ್ರಿಲ್‌ನಲ್ಲಿ, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಅಂತ ನಾವು ವಾರಕ್ಕೊಂದು ಸಲ ಗಡಿ ದಾಟುತ್ತೇವೆ. ಗಡಿ ದಾಟಿದರೆ ಕೆಲವು ಗಿಡ್ಡ ಹೆಸರುಗಳ ಅರ್ಥವೂ ಬದಲಾಗುತ್ತೆ.

ಆರ್‌ಟಿಸಿ: ನಮ್ಮ ಕಡೆ ಆರ್‌ಟಿಸಿ ಅಂದ್ರೆ ಸರ್ಕಾರಿ ಬಸ್ಸು. ರೋಡ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್, ಅಂದ್ರೆ ರಸ್ತೆ ಸಾರಿಗೆ ಸಂಸ್ಥೆ. ಅದೇ ಪಾವಗಡದಲ್ಲೋ ಮೊಳಕಾಲ್ಮೂರಿನಲ್ಲೋ ತಾಲೂಕು ಕಚೇರಿ ಮುಂದೆ ನಿಂತು "ಆರ್‌ಟಿಸಿ ಬೇಕು" ಅಂದ್ರೆ ಹೊಲದ ಪಹಣಿ ಕೊಡುತ್ತಾರೆ. ಅಲ್ಲಿ ಆರ್‌ಟಿಸಿ ಅಂದ್ರೆ ಹೊಲ ಯಾರದು, ಯಾರು ಉಳುತ್ತಿದ್ದಾರೆ, ಏನು ಬೆಳೆ ಇದೆ ಎಂದು ತೋರಿಸುವ ದಾಖಲೆ. ನಮ್ಮ ಕಡೆ ಅದಕ್ಕೆ ಅಡಂಗಲ್ ಎನ್ನುತ್ತೇವೆ. ಆ ಕಡೆ ಹೊಲ ಇರುವವರು, ಆ ಕಡೆಯ ಸಂಬಂಧ ಬೆಳೆಸಿದವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಪಿನ್: ಇದಕ್ಕೂ ಎರಡು ಅರ್ಥ. ಒಂದು, ಅಂಚೆಯ ಪಿನ್. ಪೋಸ್ಟಲ್ ಇಂಡೆಕ್ಸ್ ನಂಬರ್. ಆರು ಅಂಕಿ ಇರುತ್ತೆ. ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಶುರುವಾಯಿತು. ಒಂದೇ ಹೆಸರಿನ ಊರುಗಳು ಹತ್ತಾರು ಇದ್ದು ಕಾಗದಗಳು ದಾರಿ ತಪ್ಪುತ್ತಿದ್ದವು. ಅದಕ್ಕೆ ಊರಿಗೊಂದು ಅಂಕಿ ಕೊಟ್ಟರು. ರಾಯದುರ್ಗಕ್ಕೆ 515865. ಮಡಕಶಿರಕ್ಕೆ 515301. ಬಳ್ಳಾರಿಗೆ 583101. ಪಾವಗಡಕ್ಕೆ 561202. ನಾಲ್ಕರಲ್ಲೂ ಮೊದಲ ಅಂಕಿ 5 ಎಂದು ಕಾಣುತ್ತಿದೆಯಲ್ಲವೇ? ಆಂಧ್ರ, ತೆಲಂಗಾಣ, ಕರ್ನಾಟಕ ಮೂರಕ್ಕೂ ಅಂಚೆಯವರು 5 ಕೊಟ್ಟಿದ್ದಾರೆ. ಅಂಚೆಯ ಪಿನ್ ಎಲ್ಲರಿಗೂ ಹೇಳಬಹುದು. ಹೇಳಿದರೇ ಕಾಗದ ಬರುವುದು.

ಎರಡನೆಯದು ಬ್ಯಾಂಕಿನ ಪಿನ್. ಪರ್ಸನಲ್ ಐಡೆಂಟಿಫಿಕೇಷನ್ ನಂಬರ್, ಅಂದ್ರೆ "ಇದು ನಾನೇ" ಎಂದು ತೋರಿಸುವ ಸ್ವಂತ ಗುಟ್ಟಿನ ಅಂಕಿ. ಇದನ್ನು ಯಾರಿಗೂ ಹೇಳಬಾರದು. ಯಾರಾದರೂ "ನಿಮ್ಮ ಪಿನ್ ಎಷ್ಟು?" ಅಂತ ಕೇಳಿದರೆ, "ಯಾವ ಪಿನ್? ಅಂಚೆಯದೋ, ಬ್ಯಾಂಕಿನದೋ?" ಎಂದು ತಿರುಗಿ ಕೇಳಿ.

3. ಬ್ಯಾಂಕಿನಲ್ಲಿ

ಎಟಿಎಂ: ಆಟೊಮೇಟೆಡ್ ಟೆಲ್ಲರ್ ಮೆಷಿನ್. ಟೆಲ್ಲರ್ ಅಂದ್ರೆ ಬ್ಯಾಂಕಿನಲ್ಲಿ ದುಡ್ಡು ಎಣಿಸಿ ಕೊಡುವವರು. ಅವರ ಕೆಲಸ ತಾನೇ ಮಾಡುವ ಯಂತ್ರ ಇದು. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಒಂದು ಬ್ಯಾಂಕಿನವರು ದುಡ್ಡು ಕೊಡುವ ಯಂತ್ರ ಶುರು ಮಾಡಿದರು. ಅದನ್ನು ಮಾಡಿದವರು ಜಾನ್ ಶೆಫರ್ಡ್ ಬ್ಯಾರನ್. ಅವರು ಹುಟ್ಟಿದ್ದು ನಮ್ಮ ದೇಶದ ಶಿಲ್ಲಾಂಗ್‌ನಲ್ಲಿ. ಗುಟ್ಟಿನ ಅಂಕಿ ಆರು ಇರಲಿ ಎಂದು ಅವರು ಮೊದಲು ಅಂದುಕೊಂಡಿದ್ದರಂತೆ. ಅವರ ಹೆಂಡತಿ "ನನಗೆ ನಾಲ್ಕೇ ಅಂಕಿ ನೆನಪಿರೋದು" ಅಂದರಂತೆ. ಹಾಗಾಗಿ ನಾಲ್ಕು ಆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ನೋಡಿ, ನೆನಪಿನ ತೊಂದರೆ ನಮಗೊಬ್ಬರಿಗೇ ಅಲ್ಲ!

ಪಿನ್ ಮರೆಯುತ್ತೆ ಅಂತ ಕಾರ್ಡಿನ ಹಿಂದೆ ಬರೆದಿಡಬೇಡಿ. ಎಟಿಎಂ ಮುಂದೆ ನಿಂತ ಗೊತ್ತಿಲ್ಲದವರ ಕೈಗೆ ಕಾರ್ಡು ಕೊಟ್ಟು "ಸ್ವಲ್ಪ ತೆಗೆದುಕೊಡಪ್ಪಾ" ಅನ್ನಬೇಡಿ. ಕಲಿಯುವ ತನಕ ಬ್ಯಾಂಕಿನೊಳಗೇ ಹೋಗಿ ಚೀಟಿ ಬರೆದು ದುಡ್ಡು ತೆಗೆಯಿರಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಐಎಫ್‌ಎಸ್‌ಸಿ: ಇಂಡಿಯನ್ ಫೈನಾನ್ಷಿಯಲ್ ಸಿಸ್ಟಂ ಕೋಡ್. ಅಂಚೆಗೆ ಪಿನ್ ಇದ್ದ ಹಾಗೆ ಬ್ಯಾಂಕಿನ ಬ್ರಾಂಚಿಗೆ ಇದು ವಿಳಾಸ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಇರುತ್ತೆ. ಒಟ್ಟು 11 ಗುರುತು. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು. ಸ್ಟೇಟ್ ಬ್ಯಾಂಕಿಗೆ ಎಸ್‌ಬಿಐಎನ್, ಕೆನರಾ ಬ್ಯಾಂಕಿಗೆ ಸಿಎನ್‌ಆರ್‌ಬಿ. ಐದನೆಯದು ಯಾವಾಗಲೂ ಸೊನ್ನೆ. ಕೊನೆಯ ಆರು ಬ್ರಾಂಚಿನದು. ಆ ಐದನೇ ಸೊನ್ನೆಯನ್ನು ಇಂಗ್ಲಿಷಿನ "ಓ" ಅಕ್ಷರ ಎಂದು ಬರೆದು ಅರ್ಜಿ ವಾಪಸ್ ಬಂದವರು ನಮ್ಮಲ್ಲೇ ಇದ್ದಾರೆ. ಎರಡೂ ನೋಡಲು ಗುಂಡಗೇ ಇರುತ್ತವೆ. ಐದನೆಯದು ಸೊನ್ನೆ, ಇದನ್ನು ಮರೆಯಬೇಡಿ.

ಬ್ಯಾಂಕುಗಳು ಒಂದರೊಳಗೊಂದು ಸೇರಿದಾಗ ಈ ಕೋಡೂ ಬದಲಾಗುತ್ತೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. 2021ರ ಜುಲೈ 1ರಿಂದ ಸಿಂಡಿಕೇಟಿನ ಹಳೇ ಕೋಡು ನಡೆಯದೆ ಹೋಯಿತು. ಹಳೇ ಪಾಸ್‌ಬುಕ್ ನೋಡಿ ಕೋಡು ಬರೆದವರಿಗೆ ದುಡ್ಡು ಬರಲಿಲ್ಲ.

ನಮ್ಮ ಗ್ರಾಮೀಣ ಬ್ಯಾಂಕಿನ ಕತೆ ಇನ್ನೂ ಸ್ವಾರಸ್ಯ. ಹಿರಿಯರಿಗೆ ಶ್ರೀ ಅನಂತ ಗ್ರಾಮೀಣ ಬ್ಯಾಂಕ್ ನೆನಪಿರಬೇಕು. ಅದು 2006ರಲ್ಲಿ ಇನ್ನೆರಡು ಬ್ಯಾಂಕುಗಳ ಜೊತೆ ಕೂಡಿ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. ಗಿಡ್ಡದಾಗಿ ಎಪಿಜಿಬಿ. ಅದೂ 2025ರ ಮೇ 1ರಂದು ರಾಜ್ಯದ ಉಳಿದ ಗ್ರಾಮೀಣ ಬ್ಯಾಂಕುಗಳ ಜೊತೆ ಕೂಡಿ ಆಂಧ್ರ ಪ್ರದೇಶ್ ಗ್ರಾಮೀಣ ಬ್ಯಾಂಕ್ ಆಯಿತು. ಗಿಡ್ಡದಾಗಿ ಬರೆದರೆ ಇದೂ ಎಪಿಜಿಬಿ! ನಾಲ್ಕು ಅಕ್ಷರ ಅದೇ, ಬ್ಯಾಂಕು ಬೇರೆ. ಗಿಡ್ಡ ಹೆಸರನ್ನಷ್ಟೇ ನೋಡಿದರೆ ಸಾಲದು, ಪೂರ್ತಿ ಹೆಸರು ಓದಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಅರ್ಜಿ ಬರೆಯುವ ಮುಂಚೆ ಬ್ಯಾಂಕಿಗೆ ಹೋಗಿ, "ಈಗ ನಡೆಯುವ ಐಎಫ್‌ಎಸ್‌ಸಿ ಕೋಡು ಬರೆದುಕೊಡಿ" ಎಂದು ಕೇಳಿ.

ಕೆವೈಸಿ: ನೋ ಯುವರ್ ಕಸ್ಟಮರ್. ಇಲ್ಲಿ "ನೋ" ಅಂದ್ರೆ ಬೇಡ ಅಂತಲ್ಲ, ತಿಳಿದುಕೊ ಅಂತ. "ನಿನ್ನ ಗಿರಾಕಿ ಯಾರೆಂದು ತಿಳಿದುಕೊ" ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದ ಮಾತು. ಅದಕ್ಕೇ ಆಧಾರ್, ಫೋಟೊ, ವಿಳಾಸದ ಕಾಗದ ಕೇಳುತ್ತಾರೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಕೊಡಬೇಕಾಗುತ್ತೆ. ಆದರೆ ಬ್ಯಾಂಕಿಗೆ ಹೋಗಿ ಕೊಡಿ. ಫೋನಿನಲ್ಲಿ ಕೇಳಿದವರಿಗೆ ಕೊಡಬೇಡಿ.

ಎನ್‌ಇಎಫ್‌ಟಿ, ಆರ್‌ಟಿಜಿಎಸ್: ಒಂದು ಖಾತೆಯಿಂದ ಇನ್ನೊಂದು ಖಾತೆಗೆ ದುಡ್ಡು ಕಳಿಸುವ ಎರಡು ದಾರಿ. ಎನ್‌ಇಎಫ್‌ಟಿಯಲ್ಲಿ ಸಣ್ಣ ಮೊತ್ತವನ್ನೂ ಕಳಿಸಬಹುದು. ಆರ್‌ಟಿಜಿಎಸ್ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ದೊಡ್ಡ ವ್ಯಾಪಾರಕ್ಕೆ. ಎರಡಕ್ಕೂ ಖಾತೆ ನಂಬರು ಮತ್ತು ಐಎಫ್‌ಎಸ್‌ಸಿ ಬೇಕು.

4. ಫೋನಿನಲ್ಲಿ

ಎಸ್‌ಎಂಎಸ್: ಶಾರ್ಟ್ ಮೆಸೇಜ್ ಸರ್ವಿಸ್, ಚಿಕ್ಕ ಸಂದೇಶ. ಮೊಟ್ಟಮೊದಲ ಎಸ್‌ಎಂಎಸ್ ಇಂಗ್ಲೆಂಡಿನಲ್ಲಿ 1992ರ ಡಿಸೆಂಬರ್ 3ರಂದು ಹೋಯಿತು. ಇಂಗ್ಲಿಷ್ ಅಕ್ಷರವಾದರೆ ಒಂದು ಮೆಸೇಜಿಗೆ 160 ಹಿಡಿಸುತ್ತವೆ. ಕನ್ನಡದಲ್ಲಾದರೆ 70 ಮಾತ್ರ. ಜಾಗ ಕಡಿಮೆ ಇರುವುದರಿಂದ ಬ್ಯಾಂಕಿನವರು ಮಾತುಗಳನ್ನೂ ಗಿಡ್ಡ ಮಾಡಿ ಬರೆಯುತ್ತಾರೆ. ನಮಗೆ ಬರುವ ಬ್ಯಾಂಕ್ ಮೆಸೇಜುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಒಂದು ಮಾದರಿ ಕನ್ನಡ ಅಕ್ಷರದಲ್ಲಿ ನೋಡಿ:

"ಯುವರ್ ಎ/ಸಿ ಎಕ್ಸ್‌ಎಕ್ಸ್4321 ಡೆಬಿಟೆಡ್ ರೂ. 500.00. ಅವೈಲಬಲ್ ಬ್ಯಾಲೆನ್ಸ್ ರೂ. 2,340.00."

ಬಿಡಿಸಿ ಓದೋಣ. ಎ/ಸಿ ಅಂದ್ರೆ ಅಕೌಂಟ್, ನಮ್ಮ ಖಾತೆ. ಎಕ್ಸ್‌ಎಕ್ಸ್ ಅಂದ್ರೆ ಮುಚ್ಚಿಟ್ಟ ಅಂಕಿಗಳು. ಕೊನೆಯ ನಾಲ್ಕು ಮಾತ್ರ ತೋರಿಸಿದ್ದಾರೆ. ಡೆಬಿಟೆಡ್ ಅಂದ್ರೆ ದುಡ್ಡು ಹೋಯಿತು. ಅವೈಲಬಲ್ ಬ್ಯಾಲೆನ್ಸ್ ಅಂದ್ರೆ ಉಳಿದದ್ದು. ಕೊನೆಯ ಎರಡು ಸೊನ್ನೆ ಪೈಸೆ. 500.00 ಅಂದ್ರೆ ಐನೂರು, ಐವತ್ತು ಸಾವಿರ ಅಲ್ಲ. ಚುಕ್ಕೆ ಎಲ್ಲಿದೆ ನೋಡಿ.

ಪಾಸ್‌ಬುಕ್ಕಿನಲ್ಲಿ ಇದನ್ನೇ ಇನ್ನೂ ಗಿಡ್ಡ ಮಾಡಿ ಸಿಆರ್, ಡಿಆರ್ ಅಂತ ಬರೆಯುತ್ತಾರೆ. ಸಿಆರ್ ಅಂದ್ರೆ ಕ್ರೆಡಿಟ್, ಜಮಾ. ಡಿಆರ್ ಅಂದ್ರೆ ಡೆಬಿಟ್, ಖರ್ಚು. ನೆನಪಿಗೆ ಹೀಗೆ ಹೇಳಿಕೊಳ್ಳಿ: ಕ್ರೆಡಿಟ್ ಕೈಗೆ, ಡೆಬಿಟ್ ದೂರಕ್ಕೆ.

ಒಟಿಪಿ: ಒನ್ ಟೈಮ್ ಪಾಸ್‌ವರ್ಡ್. ಒಂದೇ ಸಲ ನಡೆಯುವ ಬೀಗದ ಕೈ. ನಿಮ್ಮ ಖಾತೆಯಿಂದ ದುಡ್ಡು ಹೊರಗೆ ಹೋಗುವ ಮುಂಚೆ "ಇದು ನೀವೇನಾ?" ಎಂದು ಕೇಳಲು ಬ್ಯಾಂಕು ನಿಮ್ಮ ಫೋನಿಗೆ ಕೆಲವು ಅಂಕಿ ಕಳಿಸುತ್ತೆ. ಸ್ವಲ್ಪ ಹೊತ್ತಿನಲ್ಲಿ ಅದು ಸತ್ತುಹೋಗುತ್ತೆ. ಆ ಸ್ವಲ್ಪ ಹೊತ್ತಿನಲ್ಲಿ ಅದು ಯಾರ ಕೈಗೆ ಸಿಕ್ಕಿತೋ ಅವರಿಗೆ ಬಾಗಿಲು ತೆರೆಯುತ್ತೆ.

ಇಲ್ಲಿ ಒಂದು ನಡೆದ ಸಂಗತಿ ಹೇಳಲೇಬೇಕು. ಮಡಕಶಿರ ಕಡೆಯ ಒಂದು ಕೇಂದ್ರದಲ್ಲಿ ಒಬ್ಬ ಅಕ್ಕ ಓದಲು ಬರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಅಕ್ಷರಕ್ಕಿಂತ ಮುಂಚೆ ಅಂಕಿ ಕಲಿತರು. ಬಸ್ಸಿನ ನಂಬರು, ಗೋಡೆ ಮೇಲಿನ ನಂಬರು, ಕಂಡದ್ದನ್ನೆಲ್ಲ ಓದುತ್ತಿದ್ದರು. ಒಂದು ಮಧ್ಯಾಹ್ನ ಅವರಿಗೆ ಫೋನು ಬಂತು. "ಅಮ್ಮಾ, ಬ್ಯಾಂಕಿಂದ ಮಾತಾಡ್ತಿದ್ದೀನಿ. ನಿಮ್ಮ ಕೆವೈಸಿ ಮುಗಿದೋಗೈತೆ. ಇವತ್ತು ಸರಿ ಮಾಡದಿದ್ರೆ ಖಾತೆ ಬಂದ್ ಆಗ್ತದೆ." ಅವನು ಕಾರ್ಡಿನ ಮೇಲಿನ ಅಂಕಿ ಕೇಳಿದ, ಓದಿದರು. ಹಿಂದಿನ ಮೂರು ಅಂಕಿ ಕೇಳಿದ, ಓದಿದರು. "ಈಗ ಒಂದು ಮೆಸೇಜ್ ಬರ್ತದೆ, ಅದರಲ್ಲಿರೋ ಅಂಕಿ ಓದಮ್ಮ" ಅಂದ. ಒಂದೂ ತಪ್ಪಿಲ್ಲದೆ ಓದಿದರು. ಸಂಘದಲ್ಲಿ ತೆಗೆದ ಸಾಲದ ದುಡ್ಡು, 8,400 ರೂಪಾಯಿ, ಹೋಯಿತು.

ಅವರು ಎರಡು ದಿನ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಬೈತಾರೆ ಅಂತ ಭಯ. ಮೂರನೇ ದಿನ ಕೇಂದ್ರಕ್ಕೆ ಬಂದು ಹೇಳಿದರು. "ನಮ್ಮ ಮಾತು ಆಡಿದ ಸಾರ್, ಅಮ್ಮಾ ಅಂದ. ಅದಕ್ಕೇ ನಂಬಿದೆ. ಮೊದಲಾಗಿದ್ರೆ ನಂಗೆ ಅಂಕಿ ಓದೋಕೆ ಬರ್ತಿರಲಿಲ್ಲ, ದುಡ್ಡೂ ಉಳೀತಿತ್ತು." ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಂಕಿ ಓದಲು ಕಲಿಸಿದವರು ನಾವೇ. ಯಾವ ಅಂಕಿ ಯಾರ ಮುಂದೆ ಓದಬಾರದು ಎಂದು ಕಲಿಸಿರಲಿಲ್ಲ. ಅರ್ಧ ಪಾಠ ಕಲಿಸಿದ್ದೆವು. ಉಳಿದ ಅರ್ಧ ಈ ಪಾಠದಲ್ಲಿದೆ.

ಆ ದುಡ್ಡು ಸಿಗಲಿಲ್ಲ, ತಡವಾಗಿತ್ತು. ಅಕ್ಕ ಓದುವುದನ್ನು ಬಿಡಲಿಲ್ಲ. ಹೊಸಬರು ಬಂದಾಗ ಈಗ ಅವರೇ ಎದ್ದು ನಿಂತು ಹೇಳುತ್ತಾರೆ: "ಬ್ಯಾಂಕಿನೋರು ಕೇಳಲ್ಲ. ಕೇಳಿದೋರು ಬ್ಯಾಂಕಿನೋರಲ್ಲ."

ಹೀಗಾದರೆ ಏನು ಮಾಡಬೇಕು? ಕೂಡಲೇ 1930ಕ್ಕೆ ಫೋನು ಮಾಡಿ. ಇದು ಇಂಥ ಮೋಸಕ್ಕೇ ಇರುವ ಸರ್ಕಾರದ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ, ಕಾರ್ಡು ನಿಲ್ಲಿಸಲು ಹೇಳಿ. ಬೇಗ ಹೇಳಿದರೆ ದುಡ್ಡು ಕಳ್ಳನ ಖಾತೆಯಿಂದ ಮುಂದೆ ಹೋಗದಂತೆ ತಡೆಯಲು ಆಗಬಹುದು. 2017ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಲ್ಲಿ ಒಂದು ಮಾತಿದೆ: ಗಿರಾಕಿಯೇ ಗುಟ್ಟಿನ ಅಂಕಿ ಹೇಳಿ ನಷ್ಟ ಆದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗಿರಾಕಿಯದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಆದ್ದರಿಂದ ನಾಚಿಕೆಗೆ ಒಂದು ಗಂಟೆಯನ್ನೂ ಕೊಡಬೇಡಿ. ಮನೆಯವರೂ ಬೈಯದೆ ಮೊದಲು ಫೋನು ಹಚ್ಚಿ.

ಯುಪಿಐ, ಕ್ಯುಆರ್: ಯುಪಿಐ ಅಂದ್ರೆ ಯುನಿಫೈಡ್ ಪೇಮೆಂಟ್ಸ್ ಇಂಟರ್‌ಫೇಸ್. ಬೇರೆ ಬೇರೆ ಬ್ಯಾಂಕುಗಳ ನಡುವೆ ಫೋನಿನಲ್ಲೇ ದುಡ್ಡು ದಾಟಿಸುವ ವ್ಯವಸ್ಥೆ. 2016ರಲ್ಲಿ ಶುರುವಾಯಿತು. ಕ್ಯುಆರ್ ಅಂದ್ರೆ ಕ್ವಿಕ್ ರೆಸ್ಪಾನ್ಸ್, ಬೇಗ ಉತ್ತರ ಕೊಡುವುದು. ತರಕಾರಿ ಗಾಡಿಯಲ್ಲಿ, ಟೀ ಅಂಗಡಿಯಲ್ಲಿ ಕಪ್ಪು ಬಿಳಿ ಚೌಕಗಳ ಚಿತ್ರ ಅಂಟಿಸಿರುತ್ತಾರಲ್ಲ, ಅದೇ. ಜಪಾನಿನಲ್ಲಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಕಂಡುಹಿಡಿದರು. ಕಾರಿನ ಕಾರ್ಖಾನೆಯಿಂದ ಹೊರಟದ್ದು ನಮ್ಮೂರ ಕಡ್ಲೆಕಾಯಿ ಗಾಡಿಗೆ ಬಂತು.

ಇದರಲ್ಲಿ ಒಂದೇ ನಿಯಮ. ದುಡ್ಡು ಕೊಡುವಾಗ ಮಾತ್ರ ಪಿನ್ ಒತ್ತಬೇಕು. ದುಡ್ಡು ಬರಲು ಪಿನ್ ಬೇಡ. "ನಿಮಗೆ ದುಡ್ಡು ಬಂದಿದೆ, ಪಿನ್ ಒತ್ತಿ ತಗೊಳ್ಳಿ" ಅಂದವರು ಕಳ್ಳರು. ಅಂಗಡಿ ಇಟ್ಟಿರುವ ಬಂಧುಗಳು ದಿನ ಬೆಳಗ್ಗೆ ತಮ್ಮ ಚಿತ್ರದ ಮೇಲೆ ಬೇರೆಯವರು ಇನ್ನೊಂದು ಚಿತ್ರ ಅಂಟಿಸಿಲ್ಲವೇ ಎಂದು ನೋಡಿಕೊಳ್ಳಿ.

5. ಅಂಗಡಿಯ ಬಿಲ್ಲಿನಲ್ಲಿ

ಎಂಆರ್‌ಪಿ: ಮ್ಯಾಕ್ಸಿಮಮ್ ರಿಟೇಲ್ ಪ್ರೈಸ್. ಇದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎನ್ನುವ ಬೆಲೆ. ಎಲ್ಲ ತೆರಿಗೆ ಇದರೊಳಗೇ ಸೇರಿರುತ್ತೆ. ಕಡಿಮೆಗೆ ಕೇಳಬಹುದು, ಹೆಚ್ಚಿಗೆ ಕೊಡಬೇಕಿಲ್ಲ.

ಜಿಎಸ್‌ಟಿ: ಗೂಡ್ಸ್ ಅಂಡ್ ಸರ್ವಿಸಸ್ ಟ್ಯಾಕ್ಸ್, ಸರಕು ಮತ್ತು ಸೇವೆಯ ತೆರಿಗೆ. 2017ರ ಜುಲೈ 1ರಿಂದ ಬಂತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಬಂಧುಗಳು ಇದನ್ನು ಬಿಲ್ಲಿನಲ್ಲಿ ಎರಡು ಥರ ನೋಡಿರುತ್ತಾರೆ. ಒಂದು ಲೆಕ್ಕ ಮಾಡೋಣ.

ಶೇಕಡಾ 5 ತೆರಿಗೆ ಇರುವ 1,000 ರೂಪಾಯಿ ಬಟ್ಟೆಯನ್ನು ಅನಂತಪುರದಲ್ಲಿ ಕೊಂಡರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ 25, ಎಸ್‌ಜಿಎಸ್‌ಟಿ 25 ಎಂದಿರುತ್ತೆ. ಸಿ ಅಂದ್ರೆ ಸೆಂಟ್ರಲ್, ಕೇಂದ್ರದ ಪಾಲು. ಎಸ್ ಅಂದ್ರೆ ಸ್ಟೇಟ್, ರಾಜ್ಯದ ಪಾಲು. ಅದೇ ಬಟ್ಟೆಯನ್ನು ಬಳ್ಳಾರಿಯ ವ್ಯಾಪಾರಿ ರಾಯದುರ್ಗದ ಅಂಗಡಿಗೆ ಮಾರಿ ಕಳಿಸಿದರೆ ಐಜಿಎಸ್‌ಟಿ 50 ಎಂದು ಒಂದೇ ಸಾಲು ಇರುತ್ತೆ. ಐ ಅಂದ್ರೆ ಇಂಟಿಗ್ರೇಟೆಡ್, ರಾಜ್ಯದ ಗಡಿ ದಾಟಿದ ಸರಕಿನದು. ಎರಡೂ ಕಡೆ ಒಟ್ಟು 50 ರೂಪಾಯಿಯೇ. ಹೆಸರು ಬೇರೆ ಆದ ಮಾತ್ರಕ್ಕೆ ಹೆಚ್ಚು ಕಟ್ಟಿದೆ ಎಂದು ತಿಳಿಯಬೇಡಿ.

ಬಿಲ್ಲಿನ ಮೇಲೆ ವ್ಯಾಪಾರಿಯ ಜಿಎಸ್‌ಟಿ ನಂಬರು ಇರುತ್ತೆ. 15 ಗುರುತು. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಆಂಧ್ರಕ್ಕೆ 37. ಈ ನಂಬರೇ ಇಲ್ಲದ ಅಂಗಡಿಯವರು ಜಿಎಸ್‌ಟಿ ಎಂದು ಬೇರೆ ದುಡ್ಡು ಕೇಳುವಂತಿಲ್ಲ.

ಇಎಂಐ: ಈಕ್ವೇಟೆಡ್ ಮಂತ್ಲಿ ಇನ್‌ಸ್ಟಾಲ್‌ಮೆಂಟ್. ತಿಂಗಳು ತಿಂಗಳು ಒಂದೇ ಸಮ ಕಟ್ಟುವ ಕಂತು. ಅಂಗಡಿಯವರು ಕಂತು ಹೇಳುತ್ತಾರೆ, ಒಟ್ಟು ಹೇಳುವುದಿಲ್ಲ. ಒಟ್ಟು ನಾವೇ ಗುಣಿಸಬೇಕು. ರೊಕ್ಕಕ್ಕೆ 12,000 ರೂಪಾಯಿಯ ಫೋನನ್ನು ತಿಂಗಳಿಗೆ 1,150ರಂತೆ 12 ತಿಂಗಳಿಗೆ ಕೊಡುತ್ತೇವೆ ಅಂದರೆ, 1,150 ಗುಣಿಸು 12, ಅಂದ್ರೆ 13,800. ಹೆಚ್ಚಿಗೆ ಕೊಟ್ಟದ್ದು 1,800. ಅದು ಬಡ್ಡಿ. ಅದರ ಮೇಲೆ ಅರ್ಜಿ ಖರ್ಚು ಅಂತ ಎಷ್ಟು, ಒಂದು ಕಂತು ತಪ್ಪಿದರೆ ದಂಡ ಎಷ್ಟು ಅಂತಲೂ ಕೇಳಿ. ಕೇಳಿದ ಮೇಲೆ ರುಜು ಹಾಕಿ.

6. ಕೂಲಿ ಮತ್ತು ಸರ್ಕಾರದ ದುಡ್ಡು

ಎನ್‌ಆರ್‌ಇಜಿಎ: ನಾವು ನರೇಗಾ ಅನ್ನುತ್ತೇವೆ. ನ್ಯಾಷನಲ್ ರೂರಲ್ ಎಂಪ್ಲಾಯ್‌ಮೆಂಟ್ ಗ್ಯಾರಂಟಿ ಆಕ್ಟ್. 2005ರ ಕಾಯ್ದೆ. ಇದು ದೇಶಕ್ಕೆಲ್ಲ ಶುರುವಾದದ್ದು ನಮ್ಮ ಅನಂತಪುರ ಜಿಲ್ಲೆಯಲ್ಲೇ, ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ, 2006ರ ಫೆಬ್ರವರಿ 2ರಂದು. ಆವತ್ತು ಪ್ರಧಾನಿ ಮನಮೋಹನ್ ಸಿಂಗ್ ಆ ಊರಿಗೆ ಬಂದಿದ್ದರು. 2009ರಲ್ಲಿ ಮಹಾತ್ಮ ಗಾಂಧಿ ಹೆಸರು ಸೇರಿ ಮುಂದೆ ಎಂ, ಜಿ ಎಂಬ ಎರಡು ಅಕ್ಷರ ಹೆಚ್ಚಾದವು. ವರ್ಷಕ್ಕೆ ಒಂದು ಮನೆಗೆ 100 ದಿನ ಕೆಲಸ ಎಂದು ಆ ಕಾಯ್ದೆ ಹೇಳಿತು. ಅದರ ಜಾಗಕ್ಕೆ 125 ದಿನದ ಹೊಸ ಕಾಯ್ದೆಯೊಂದನ್ನು 2025ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟು ಒಪ್ಪಿತು. ಅದರ ಗಿಡ್ಡ ಹೆಸರು ವಿಬಿ-ಜಿ ರಾಮ್ ಜಿ. ಹೆಸರು ಯಾವುದೇ ಇರಲಿ, ನಾವು ನೋಡಬೇಕಾದದ್ದು ಇಷ್ಟು: ಹಾಜರಿಯಲ್ಲಿ ನನ್ನ ಹೆಸರು ಇದೆಯೇ, ದಿನ ಎಷ್ಟು ಬರೆದಿದ್ದಾರೆ, ಕೂಲಿ ಯಾವ ಖಾತೆಗೆ ಹೋಯಿತು.

ಡಿಬಿಟಿ: ಡೈರೆಕ್ಟ್ ಬೆನಿಫಿಟ್ ಟ್ರಾನ್ಸ್‌ಫರ್. ಸರ್ಕಾರದ ದುಡ್ಡು ನಡುವೆ ಯಾರ ಕೈಗೂ ಸಿಗದೆ ನೇರವಾಗಿ ನಮ್ಮ ಖಾತೆಗೆ ಬರುವುದು. 2013ರ ಜನವರಿ 1ರಂದು ಶುರುವಾಯಿತು. ಒಬ್ಬರಿಗೆ ಎರಡು ಮೂರು ಖಾತೆ ಇದ್ದರೆ ಗೊಂದಲ ಆಗುತ್ತೆ. "ದುಡ್ಡು ಬಂದಿಲ್ಲ" ಅನ್ನುವವರಲ್ಲಿ ಕೆಲವರ ದುಡ್ಡು ಮರೆತುಹೋದ ಹಳೇ ಖಾತೆಗೆ ಬಂದಿರುತ್ತೆ. "ನನ್ನ ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ?" ಎಂದು ಬ್ಯಾಂಕಿನಲ್ಲಿ ಕೇಳಿ.

ಎಇಪಿಎಸ್: ಆಧಾರ್ ಎನೇಬಲ್ಡ್ ಪೇಮೆಂಟ್ ಸಿಸ್ಟಂ. ಹಳ್ಳಿಯಲ್ಲೇ ಚಿಕ್ಕ ಯಂತ್ರದ ಮೇಲೆ ಬೆರಳು ಒತ್ತಿ ದುಡ್ಡು ತೆಗೆಯುವುದು. ಇಲ್ಲಿ ಪಿನ್ನೂ ಇಲ್ಲ, ಒಟಿಪಿಯೂ ಇಲ್ಲ. ನಮ್ಮ ಬೆರಳೇ ರುಜು. ಮುಂಚೆ ಹೆಬ್ಬೆಟ್ಟು ಒತ್ತುವಾಗ ಕಾಗದದಲ್ಲಿ ಏನು ಬರೆದಿದೆ ಅಂತ ಕೇಳಿ ಅನ್ನುತ್ತಿದ್ದೆವಲ್ಲ, ಈಗಲೂ ಅದೇ ಮಾತು. ಬೆರಳು ಒತ್ತುವ ಮುಂಚೆ ಯಂತ್ರದಲ್ಲಿ ಎಷ್ಟು ಬರೆದಿದ್ದಾರೆ ನೋಡಿ. "ಬರಲಿಲ್ಲ, ಇನ್ನೊಂದು ಸಲ ಒತ್ತಮ್ಮ" ಅಂದರೆ ಮೊದಲನೆಯದರ ಚೀಟಿ ಕೇಳಿ. ದುಡ್ಡು ಎಣಿಸಿಕೊಂಡು, ಚೀಟಿ ಇಸಿದುಕೊಂಡು ಅಲ್ಲಿಂದ ಏಳಿ.

7. ನೆನಪಿನ ಪಟ್ಟಿ

ಈ ಭಾಗವನ್ನು ಕತ್ತರಿಸಿ ಗೋಡೆಗೆ ಅಂಟಿಸಿ.

ಬೇಕಾದವರಿಗೆ ಹೇಳಬಹುದು: ಅಂಚೆಯ ಪಿನ್, ಬ್ಯಾಂಕಿನ ಐಎಫ್‌ಎಸ್‌ಸಿ.

ದುಡ್ಡು ಕಳಿಸುವ ಗುರುತಿನವರಿಗೆ, ಕಚೇರಿಯ ಅರ್ಜಿಗೆ ಮಾತ್ರ: ಖಾತೆ ನಂಬರು, ಆಧಾರ್ ನಂಬರು.

ಯಾರಿಗೂ ಹೇಳಬಾರದು, ಬ್ಯಾಂಕಿನವರು ಅಂದರೂ ಹೇಳಬಾರದು: ಎಟಿಎಂ ಪಿನ್, ಯುಪಿಐ ಪಿನ್, ಒಟಿಪಿ, ಕಾರ್ಡಿನ ಹಿಂದಿನ ಮೂರು ಅಂಕಿ.

ಮೋಸ ಆದರೆ ಕೂಡಲೇ: 1930.

ಅಭ್ಯಾಸ

ಅ) ದುಡ್ಡು ಬಂತೋ, ಹೋಯಿತೋ ಹೇಳಿ.
1. ಎ/ಸಿ ಎಕ್ಸ್‌ಎಕ್ಸ್4321, ಸಿಆರ್ ರೂ. 1,200.00
2. ಎ/ಸಿ ಎಕ್ಸ್‌ಎಕ್ಸ್4321, ಡಿಆರ್ ರೂ. 350.00

ಆ) ಲೆಕ್ಕ ಮಾಡಿ.
3. ಹೊಲಿಗೆ ಯಂತ್ರದ ಬೆಲೆ ರೊಕ್ಕಕ್ಕೆ 9,000. ಇಎಂಐ ತಿಂಗಳಿಗೆ 850, ಹನ್ನೆರಡು ತಿಂಗಳು. ಎಷ್ಟು ಹೆಚ್ಚು ಕೊಟ್ಟಂತಾಯಿತು?
4. ಜಿಎಸ್‌ಟಿ ನಂಬರು 29ರಿಂದ ಶುರುವಾಗಿದೆ. ವ್ಯಾಪಾರಿ ಯಾವ ರಾಜ್ಯದವರು?

ಇ) ಮಾತಾಡಿ.
5. "ನಿಮಗೆ ಬಹುಮಾನ ಬಂದಿದೆ, ಯುಪಿಐ ಪಿನ್ ಒತ್ತಿ" ಎಂದು ಫೋನು ಬಂತು. ಏನು ಹೇಳುತ್ತೀರಿ? ಇಬ್ಬರಿಬ್ಬರು ಜೋಡಿಯಾಗಿ ಆಡಿ ತೋರಿಸಿ. ಒಬ್ಬರು ಕಳ್ಳರಾಗಲಿ, ಒಬ್ಬರು ನೀವಾಗಿ.

ಉತ್ತರ: 1. ಬಂತು. 2. ಹೋಯಿತು. 3. 850 ಗುಣಿಸು 12, ಅಂದ್ರೆ 10,200. ಹೆಚ್ಚು ಕೊಟ್ಟದ್ದು 1,200. 4. ಕರ್ನಾಟಕ.

ಮನೆಗೆಲಸ: ನಿಮ್ಮ ಪಾಸ್‌ಬುಕ್ ತೆಗೆಯಿರಿ. ಐಎಫ್‌ಎಸ್‌ಸಿ ಹುಡುಕಿ, ಐದನೇ ಗುರುತಿನ ಕೆಳಗೆ ಗೆರೆ ಎಳೆಯಿರಿ. ಕಳೆದ ತಿಂಗಳ ಸಿಆರ್ ಎಷ್ಟು, ಡಿಆರ್ ಎಷ್ಟು ಬರೆದುಕೊಂಡು ಬನ್ನಿ. ಓದಲು ಬಾರದ ಒಬ್ಬ ನೆರೆಯವರಿಗೆ ನೆನಪಿನ ಪಟ್ಟಿ ಓದಿ ಹೇಳಿ.

ಕೊನೆಗೊಂದು ಮಾತು. ಈಗ ವಯಸ್ಕರಿಗೆ ಓದು ಕಲಿಸುವ ಕೇಂದ್ರ ಸರ್ಕಾರದ ಕಾರ್ಯಕ್ರಮದ ಹೆಸರು ಉಲ್ಲಾಸ್. ಕೇಳಲು ನಮ್ಮ ಉಲ್ಲಾಸದ ಹಾಗೇ ಇದೆ. ಆದರೆ ಅದೂ ಒಂದು ಗಿಡ್ಡ ಹೆಸರೇ. ಅಂಡರ್‌ಸ್ಟ್ಯಾಂಡಿಂಗ್ ಆಫ್ ಲೈಫ್‌ಲಾಂಗ್ ಲರ್ನಿಂಗ್ ಫಾರ್ ಆಲ್ ಇನ್ ಸೊಸೈಟಿ. ಸಮಾಜದ ಎಲ್ಲರಿಗೂ ಬದುಕಿರುವ ತನಕ ಕಲಿಕೆ ಎಂದು ಅರ್ಥ. ಕಲಿತದ್ದನ್ನು ಕೇಳಿ ಕೇಳಿ ಗಟ್ಟಿ ಮಾಡಿಕೊಳ್ಳಿ. ಗೊತ್ತಿಲ್ಲದ ಗಿಡ್ಡ ಹೆಸರು ಕಂಡರೆ ಒಂದು ಚೀಟಿಯಲ್ಲಿ ಬರೆದು ಕೇಂದ್ರಕ್ಕೆ ತನ್ನಿ. ಮುಂದಿನ ಪಾಠವನ್ನು ಆ ಚೀಟಿಗಳಿಂದಲೇ ಮಾಡೋಣ.